ನಾಲ್ಕು ಗಂಟೆಯ ಬಸ್ಸಿಗೆ ಹೋದ ಸುದ್ದಿ

ತಾಲ್ಲೂಕು ವರದಿಗಾರನಾಗಿ ಕೆಲಸ ಶುರುಮಾಡಿದಾಗ ನನಗೊಂದು ಧೈರ್ಯವಿತ್ತು. ಸುದ್ದಿಯಲ್ಲಿ ಮೂರೇ ಬಗೆ: ಓದಿದವರಿಗೆ ಖುಷಿ ಕೊಡುವುದು, ಗಾಬರಿ ಹುಟ್ಟಿಸುವುದು, ನಗಿಸುವುದು. ಯಾವುದು ಯಾವ ಬಗೆಯದೆಂದು ಬರೆಯುವಾಗಲೇ ಗೊತ್ತಾಗುತ್ತದೆ ಎಂದುಕೊಂಡಿದ್ದೆ. ಈಗ ಕೆಲಸ ಬಿಟ್ಟು ಮನೆಯಲ್ಲಿ ಕುಳಿತಿದ್ದೇನೆ. ಹೊಸದಾಗಿ ಈ ಕೆಲಸಕ್ಕೆ ಬಂದ ಹುಡುಗ ಹುಡುಗಿಯರು ಆಗಾಗ ಬರುತ್ತಾರೆ. "ಸಾರ್, ನಿಮಗೆ ಬಹಳ ಸಂತೋಷ ಕೊಟ್ಟ ಸುದ್ದಿ ಯಾವುದು?" ಎಂದು ಕೇಳುತ್ತಾರೆ. ನಾನು ತಲೆ ಕೆರೆದುಕೊಳ್ಳುತ್ತೇನೆ. ವಯಸ್ಸಾಯಿತು, ಮರೆತಿರಬೇಕು ಎಂದು ಅವರು ಸುಮ್ಮನಾಗುತ್ತಾರೆ. ಮರೆತಿಲ್ಲ ಮಹಾರಾಯರೇ, ಎಲ್ಲವೂ ನೆನಪಿದೆ. ಯಾವುದಕ್ಕೆ ಸಂತೋಷಪಡಬೇಕಿತ್ತು, ಯಾವುದಕ್ಕೆ ಹೆದರಬೇಕಿತ್ತು ಎಂಬುದೇ ಇವತ್ತಿಗೂ ಇತ್ಯರ್ಥವಾಗಿಲ್ಲ.

ಮೊದಲು ಕೆಲಸ ಹೇಗಿತ್ತು ಎಂದು ಹೇಳಿಬಿಡುತ್ತೇನೆ. ಪತ್ರಿಕೆ ಅಚ್ಚಾಗುತ್ತಿದ್ದದ್ದು ದಾವಣಗೆರೆಯಲ್ಲಿ. ನಾವು ಸುದ್ದಿ ಬರೆದು ಕವರಿಗೆ ಹಾಕಿ, ಮೇಲೆ 'ಪ್ರೆಸ್, ಅರ್ಜೆಂಟ್' ಎಂದು ಕೆಂಪು ಶಾಯಿಯಲ್ಲಿ ಗೀಚಿ, ಬಸ್ಸಿನ ಡ್ರೈವರ್ ಕೈಗೆ ಕೊಡುತ್ತಿದ್ದೆವು. ಅವನು ಅದನ್ನು ದೇವರ ಪಟದ ಹಿಂದೆ ಸಿಕ್ಕಿಸಿಕೊಳ್ಳುತ್ತಿದ್ದ. ದಾವಣಗೆರೆ ಬಸ್ ಸ್ಟ್ಯಾಂಡಿನಲ್ಲಿ ನಮ್ಮ ಪತ್ರಿಕೆಯದೊಂದು ಡಬ್ಬಿ ಇತ್ತು, ಕವರನ್ನು ಅದಕ್ಕೆ ಹಾಕಿದರೆ ಅವನ ಕೆಲಸ ಮುಗಿಯಿತು. ಅಲ್ಲಿಂದ ಮುಂದೆ ಒಂದೊಂದೇ ಅಕ್ಷರದ ಮೊಳೆ ಜೋಡಿಸುವವರ ಪಾಡು. ಡ್ರೈವರ್ ಮರೆತರೆ ಸುದ್ದಿ ಶಿವಮೊಗ್ಗಕ್ಕೂ ಹೋಗಿ ಊರು ನೋಡಿಕೊಂಡು ಬರುತ್ತಿತ್ತು.

ನಾನು ಮೊದಲು ಇದ್ದದ್ದು ಚನ್ನಗಿರಿಯಲ್ಲಿ, ಎಪ್ಪತ್ತರ ದಶಕದಲ್ಲಿ. ಒಂದು ವರ್ಷ ಮಳೆ ಚೆನ್ನಾಗಿ ಹಿಡಿದು ಬಸವಾಪಟ್ಟಣದ ಕಡೆಯ ಒಂದು ಕೆರೆ ತುಂಬಿತು. ನಾನು ಹೊಸ ಉತ್ಸಾಹದಲ್ಲಿ ಹೋಗಿ ಏರಿಯ ಮೇಲೆಲ್ಲ ಓಡಾಡಿ, ತಿಳಿದವರನ್ನು ಕೇಳಿ, 'ಕೆರೆ ಏರಿ ಭದ್ರವಾಗಿದೆ, ಜನ ಭಯಪಡಬೇಕಾಗಿಲ್ಲ' ಎಂದು ಬರೆದೆ. ಜನಕ್ಕೆ ಸಮಾಧಾನವಾಗಲಿ ಎಂಬುದೇ ನನ್ನ ಉದ್ದೇಶ. ಅಲ್ಲಿಯವರೆಗೆ ಯಾರಿಗೂ ಭಯವಿರಲಿಲ್ಲ. ಪತ್ರಿಕೆ ಬಂದ ಬೆಳಿಗ್ಗೆ ಕೆಳಗಿನ ಊರಿನವರು ಗಾಡಿ ಕಟ್ಟಿ ಪಾತ್ರೆ ಪಡಗ, ಮಂಚ, ಕೋಳಿ ಪಂಜರ ಎಲ್ಲ ಏರಿಸಿಕೊಂಡು ಹೊರಟೇಬಿಟ್ಟರು. ದಾರಿಯಲ್ಲಿ ಒಬ್ಬ ಹಿರಿಯರನ್ನು ತಡೆದು ಕೇಳಿದೆ.

"ಭಯಪಡಬ್ಯಾಡ್ರಿ ಅಂತ ಪೇಪರ್‌ನಾಗೆ ಹಾಕ್ಯಾರೆ ಅಂದ್ರೆ ಏನೋ ಇರ್ಲೇಬೇಕಲ್ರೀ" ಎಂದರು.

"ಯಜಮಾನ್ರೆ, ಅದನ್ನು ಬರೆದವನು ನಾನೇ. ಏನೂ ಇಲ್ಲ, ಮನೆಗೆ ಹೋಗಿ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನಿಮಗೆ ಹೇಳಾಕೆ ಆಗಲ್ಲ ಬಿಡ್ರಿ, ನೌಕರಿ ನೋಡ್ಕೋಬೇಕಲ್ಲ" ಎಂದು ಕನಿಕರದಿಂದ ಹೇಳಿ ಎತ್ತು ಹೊಡೆದರು. ಕೆರೆ ಏರಿ ಒಡೆಯಲಿಲ್ಲ. ಜನ ಎಷ್ಟೋ ದಿನ ನೆಂಟರ ಮನೆಯಲ್ಲಿದ್ದು ಬೈದುಕೊಳ್ಳುತ್ತ ವಾಪಸು ಬಂದರು. ನಮ್ಮ ಸಂಪಾದಕರು ಕರೆಸಿ, "ಇನ್ನು ಮ್ಯಾಲೆ ಇಲ್ಲದ್ದನ್ನ ಇಲ್ಲ ಅಂತ ಬರೀಬ್ಯಾಡ್ರಿ. ಏನಾಗೈತೆ ಅಷ್ಟು ಬರೀರಿ" ಎಂದರು. ಸರಿ ಎಂದು ತಲೆಯಾಡಿಸಿ ಬಂದೆ.

ಆಮೇಲೆ ಜಗಳೂರಿಗೆ ಹೋದೆ. ಅಲ್ಲಿ ತಿಪ್ಪೇಸ್ವಾಮಿ ಎಂಬ ರೈತನ ಕಣದಲ್ಲಿದ್ದ ಬೇವಿನ ಮರದಿಂದ ಹಾಲಿನಂಥದ್ದು ಒಸರುತ್ತದೆ ಎಂದು ಸುದ್ದಿ ಬಂತು. ಹೋಗಿ ನೋಡಿದೆ, ಒಸರುತ್ತಿತ್ತು. ಆಗಿರುವುದನ್ನೇ ಬರೆದೆ, ಸ್ವಲ್ಪ ತಮಾಷೆ ಬೆರೆಸಿ. ಓದಿದವರು ನಗಬೇಕಿತ್ತು. ನಗುವುದು ಬಿಟ್ಟು ಬಸ್ಸು ಹತ್ತಿದರು. ಬಂದವರು ಅರಿಶಿನ ಕುಂಕುಮ ಹಚ್ಚಿದರು, ಔಷಧಿಗೆಂದು ತೊಗಟೆ ಕೆತ್ತಿಕೊಂಡು ಹೋದರು. ನೋಡನೋಡುತ್ತ ಮರ ಒಣಗಿತು. ತಿಪ್ಪೇಸ್ವಾಮಿ ನನ್ನ ರೂಮಿಗೆ ಬಂದಾಗ ಬೈಯುತ್ತಾನೆಂದುಕೊಂಡೆ. ಅವನು ಬೈಯಲಿಲ್ಲ.

"ನಗಾಕೆ ಬರೆದ್ರಿ ಅಂತ ಗೊತ್ತು ಸ್ವಾಮಿ, ನಾನೂ ಓದಿ ನಕ್ಕೆ. ಆದ್ರೆ ನಮ್ಮ ದನ ಕಟ್ಟಾಕೆ ಇದ್ದಿದ್ದು ಅದೊಂದೇ ನೆರಳು" ಎಂದ. ಚಹಾ ತರಿಸಿದೆ, ಕುಡಿದು ಹೋದ.

ಇಷ್ಟಾದ ಮೇಲೂ ನಾನು ಈ ಕೆಲಸ ಬಿಡಲಿಲ್ಲ. ಒಂದಾದರೂ ಒಳ್ಳೆಯ ಸುದ್ದಿ, ಯಾರಿಗೂ ಏನೂ ಕೆಡದ ಸುದ್ದಿ ಬರೆಯಬೇಕೆಂಬ ಹಟ ಒಳಗೊಳಗೇ ಬೆಳೆಯಿತು. ಅದು ಸಿಕ್ಕಿದ್ದು ಹೊನ್ನಾಳಿಗೆ ಬಂದ ಮೇಲೆ, ಎಂಬತ್ತರ ದಶಕದಲ್ಲಿ.

ಅದನ್ನು ಹೇಳುವ ಮೊದಲು ನಮ್ಮ ಕೆಲಸದ ಒಂದು ರೂಢಿ ತಿಳಿಸಬೇಕು. ಮರುದಿನದ ಪತ್ರಿಕೆಗೆ ಸುದ್ದಿ ಸೇರಬೇಕಾದರೆ ನಾಲ್ಕು ಗಂಟೆಯ ಬಸ್ಸಿಗೆ ಕವರ್ ಕೊಡಬೇಕು. ನಮ್ಮ ಜನರ ಸಭೆ ಸಮಾರಂಭಗಳೆಲ್ಲ ನಡೆಯುವುದು ದನ ಮನೆಗೆ ಬಂದ ಮೇಲೆ. ಹಾಗಾಗಿ ನಾವು ಮಧ್ಯಾಹ್ನವೇ ಆಹ್ವಾನ ಪತ್ರಿಕೆ ಮುಂದಿಟ್ಟುಕೊಂಡು ವರದಿ ಬರೆದುಬಿಡುತ್ತಿದ್ದೆವು. ಇಂಥವರು ಸ್ವಾಗತಿಸಿದರು, ಇಂಥವರು ದೀಪ ಬೆಳಗಿಸಿದರು, ಇಂಥವರು ವಂದಿಸಿದರು. ಭಾಷಣ ಏನು ಮಾಡುತ್ತಾರೆಂಬುದು ಮೊದಲೇ ಗೊತ್ತಿರುತ್ತಿತ್ತು. ಎಲ್ಲ ತಾಲ್ಲೂಕು ವರದಿಗಾರರೂ ಹೀಗೇ ಮಾಡುತ್ತಿದ್ದರು, ಯಾರೂ ಅದನ್ನು ಸುಳ್ಳು ಎಂದುಕೊಂಡಿರಲಿಲ್ಲ. ಜ್ವರ ಬಂದು ಮನೆಯಲ್ಲಿ ಮಲಗಿದ್ದ ಅತಿಥಿಗಳೂ ನಮ್ಮ ಪತ್ರಿಕೆಯಲ್ಲಿ ಸೊಗಸಾಗಿ ಮಾತಾಡಿದ್ದಾರೆ. ಓದಿ ಅವರೇ ಮೆಚ್ಚಿಕೊಂಡದ್ದೂ ಉಂಟು.

ಹೊನ್ನಾಳಿಯ ಒಂದು ಕಚೇರಿಯಲ್ಲಿ ಅಟೆಂಡರ್ ಆಗಿದ್ದ ಮೈಲಾರಪ್ಪ ಒಂದು ಮಧ್ಯಾಹ್ನ ಸೈಕಲ್ ತುಳಿದುಕೊಂಡು ನಾನು ಊಟ ಮಾಡುವ ಹೋಟೆಲಿಗೆ ಬಂದ. ಅವನ ಊರು ನ್ಯಾಮತಿಯ ಹತ್ತಿರದ್ದು. ಹೆಸರು ಬೇಡ, ಆ ಊರಿನವರು ಈಗಲೂ ಎದುರಿಗೆ ಸಿಗುತ್ತಾರೆ. ಆ ಊರಿಗೆ ಒಂದೇ ಸಿಹಿನೀರಿನ ಬಾವಿ. ಮೈಲಾರಪ್ಪನ ಕೇರಿಯ ಹೆಂಗಸರು ಅದರ ಕಟ್ಟೆ ಹತ್ತುವಂತಿರಲಿಲ್ಲ. ಕೆಳಗೆ ಕೊಡ ಇಟ್ಟುಕೊಂಡು ಕುಳಿತಿರಬೇಕು. ಮೇಲಿನ ಬೀದಿಯ ಯಾರಾದರೂ ಪುಣ್ಯಾತ್ಮರು ತಮ್ಮ ನೀರು ಸೇದಿಕೊಂಡ ಮೇಲೆ ಎತ್ತರದಿಂದ ಇವರ ಕೊಡಕ್ಕೆ ಸುರಿಯಬೇಕು. ಮೈಲಾರಪ್ಪನ ತಾಯಿ ಹನುಮವ್ವ ಮದುವೆಯಾಗಿ ಆ ಊರಿಗೆ ಬಂದಂದಿನಿಂದ ಹೀಗೆ ಕುಳಿತವಳು. ನಾಕು ಅಕ್ಷರ ಕಲಿತು, ಗೋಡೆಗೆ ಬುದ್ಧನ ಪಟ ತೂಗುಹಾಕಿದ್ದ ಮಗನಿಗೆ ಅದನ್ನು ಸಹಿಸಲಾಗುತ್ತಿರಲಿಲ್ಲ.

"ಸಾರ್, ಕಡೀಗೂ ಗೌಡ್ರು ಒಪ್ಯಾರೆ" ಎಂದ. ಏದುಸಿರು ಬಿಡುತ್ತಿದ್ದ. "ಯುವಕ ಸಂಘದೋರು ಕೂಡ್ಸಿ ಮಾತಾಡಿದ್ವಿ. ಇವತ್ತು ಸಂಜೆಗೆ ಬಾವಿ ಹತ್ರ ಕಾರ್ಯಕ್ರಮ. ಗೌಡ್ರೇ ನೀರು ಸೇದಿ ನಮ್ಮವ್ವನ ಬೊಗಸೆಗೆ ಹಾಕ್ತಾರೆ. ಆಮ್ಯಾಲೆ ನಮ್ಮವ್ವ ಕಟ್ಟೆ ಹತ್ತಿ ಸೇದ್ತಾಳೆ, ಗೌಡ್ರು ಕುಡೀತಾರೆ. ನೀವು ಬರ್ಲೇಬೇಕು."

ಊರಿನ ಹಿರಿಯ ಬಸವನಗೌಡರು ಮಾತಿಗೆ ತೂಕವಿದ್ದ ಮನುಷ್ಯ. ಒಪ್ಪಿದ್ದಾರೆಂದರೆ ಆಯಿತೆಂದೇ ಲೆಕ್ಕ. ನಾನು ಊಟ ಅರ್ಧಕ್ಕೆ ಬಿಟ್ಟು ಬರೆಯಲು ಕುಳಿತೆ. 'ಗೌಡರು ತಮ್ಮ ಕೈಯಾರೆ ಸೇದಿದ ನೀರನ್ನು ಹನುಮವ್ವನವರ ಬೊಗಸೆಗೆ ಹಾಕಿದರು. ಬಳಿಕ ಹನುಮವ್ವನವರು ಕಟ್ಟೆಯೇರಿ ನೀರು ಸೇದಿದರು. ಆ ನೀರನ್ನು ಗೌಡರು ಕುಡಿದಾಗ ನೆರೆದವರ ಕಣ್ಣುಗಳು ಒದ್ದೆಯಾದವು' ಎಂದು ಬರೆದೆ. ನೆರೆದವರದು ಆಮೇಲಿನ ಮಾತು, ಬರೆಯುತ್ತಿದ್ದ ನನ್ನ ಕಣ್ಣೇ ಒದ್ದೆಯಾಗಿತ್ತು. ನಾಲ್ಕು ಗಂಟೆಯ ಬಸ್ಸಿಗೆ ಕವರ್ ಕೊಟ್ಟು, ನಾನು ನ್ಯಾಮತಿ ಬಸ್ಸು ಹತ್ತಿದೆ.

ಊರು ಮುಟ್ಟಿದಾಗ ಬಾವಿಯ ಪಕ್ಕ ಚಪ್ಪರವಿತ್ತು, ಮೈಕ್ ಇತ್ತು, ಮಾವಿನ ತೋರಣವಿತ್ತು. ಜನವಿರಲಿಲ್ಲ. ಹೊಸ ಸೀರೆಯುಟ್ಟ ಹನುಮವ್ವ ಕಟ್ಟೆಯ ಕೆಳಗೆ, ತಾನು ದಿನವೂ ಕೂರುವ ಜಾಗದಲ್ಲೇ ಕುಳಿತಿದ್ದಳು. ಕೇರಿಯವರು ಒಂದಷ್ಟು ದೂರದಲ್ಲಿ ನಿಂತಿದ್ದರು. ಬಾವಿಯ ಮೇಲಿನ ರಾಟೆಯನ್ನು ಯಾರೋ ಬಿಚ್ಚಿಕೊಂಡು ಹೋಗಿದ್ದರು.

"ರಾಟೆ ರಿಪೇರಿಗೆ ಕೊಟ್ಟಾರಂತೆ" ಎಂದ ಮೈಲಾರಪ್ಪ. "ಗೌಡ್ರು ಚನ್ನಗಿರಿಗೆ ಬೀಗರ ಮನೆಗೆ ಹೋಗ್ಯಾರಂತೆ, ಅರ್ಜೆಂಟ್ ಅಂತೆ."

ಜಗಳವಿಲ್ಲ, ಗಲಾಟೆಯಿಲ್ಲ. ಯಾರೂ ಯಾರನ್ನೂ ತಡೆದಿರಲಿಲ್ಲ. ಬೈಯೋಣವೆಂದರೆ ಎದುರಿಗೆ ಒಬ್ಬರೂ ಇರಲಿಲ್ಲ. "ನಾಳೆ ಮಾಡ್ತಾರೇನೋ ಬಿಡಪ್ಪಾ" ಎಂದು ಹನುಮವ್ವ ಎದ್ದು ಸೀರೆಯ ಮಣ್ಣು ಕೊಡವಿಕೊಂಡಳು. ಆಗ ನನಗೆ ದಾವಣಗೆರೆಯ ದಾರಿಯಲ್ಲಿದ್ದ ಕವರ್ ನೆನಪಾಯಿತು. ನ್ಯಾಮತಿಗೆ ಓಡಿ ಬಂದು, ಸುದ್ದಿ ತಡೆಯಲು ಪತ್ರಿಕೆಯ ಕಚೇರಿಗೆ ಟ್ರಂಕ್ ಕಾಲ್ ಬುಕ್ ಮಾಡಿದೆ. ಲೈನ್ ಸಿಗಲಿಲ್ಲ. ಕಾದೆ, ಮತ್ತೆ ಕೇಳಿದೆ, ಸಿಗಲೇ ಇಲ್ಲ. ಅಲ್ಲೇ ಪರಿಚಯದವರ ಮನೆಯಲ್ಲಿ ಉಳಿದುಕೊಂಡೆ.

ಮರುದಿನ ಬೆಳಿಗ್ಗೆ ಪತ್ರಿಕೆಯ ಕಟ್ಟು ಹೊತ್ತ ಬಸ್ಸಿನಲ್ಲೇ ನಾನೂ ಆ ಊರಿಗೆ ಹೋದೆ. ಸುದ್ದಿ ಮೊದಲ ಪುಟದಲ್ಲಿ ಚೌಕಟ್ಟು ಕಟ್ಟಿಸಿಕೊಂಡು ಬಂದಿತ್ತು. ಇಷ್ಟು ವರ್ಷದಲ್ಲಿ ನನ್ನದೊಂದು ಸುದ್ದಿ ಮೊದಲ ಪುಟ ಕಂಡದ್ದು ಅದೇ ಮೊದಲು. ಖುಷಿಪಡುವ ಹಾಗಿರಲಿಲ್ಲ. ಬಿಡುವ ಹಾಗೂ ಇರಲಿಲ್ಲ, ಒಳಗೆ ಎಲ್ಲೋ ಒಂದು ಖುಷಿ ಇದ್ದೇ ಇತ್ತು.

ಮೈಲಾರಪ್ಪ ತನ್ನ ಮನೆಯ ಬಾಗಿಲಲ್ಲೇ ನಿಂತಿದ್ದ. ಮುಖ ಕೆಂಪಾಗಿತ್ತು.

"ಏನ್ ಸಾರ್ ಇದು? ನಡೀಲಾರದ್ದನ್ನ ನಡೆದೈತೆ ಅಂತ ಹಾಕೀರಲ್ಲ?"

"ನಾಳೆಯೇ ತಿದ್ದುಪಡಿ ಹಾಕಿಸ್ತೀನಿ ಮೈಲಾರಪ್ಪ."

"ಹೆಂಗೆ ಹಾಕ್ತೀರಿ? ಗೌಡ್ರು ಹೇಳ್ದೇ ಹೋದ್ರು ಅಂತ ಹಾಕಿದ್ರೆ, ಮಾನ ಕಳೆದ್ರು ಅಂತ ಮ್ಯಾಲಿಂದ ಸುರಿಯೋ ನೀರೂ ಬಂದ್ ಆಗತೈತೆ. ಹಾಕ್ಲಿಲ್ಲ ಅಂದ್ರೆ ನಾಳೆ ಯಾರೋ ಬಂದು ಗೌಡ್ರಿಗೆ ಹಾರ ಹಾಕ್ತಾರೆ, ನಮ್ಮವ್ವ ಮತ್ತೆ ಕೊಡ ಇಟ್ಕೊಂಡು ಕುಂತಿರ್ತಾಳೆ. ಯಾವ್ದು ಮಾಡ್ತೀರಿ ಹೇಳ್ರಿ."

ಅವನು ಹೇಳಿದ್ದು ಎರಡೂ ನಿಜ. ನಾನು ಬಾಗಿಲಲ್ಲಿ ನಿಂತು ಪತ್ರಿಕೆಯನ್ನು ಮಡಿಸುವುದು, ಬಿಚ್ಚುವುದು ಮಾಡುತ್ತಿದ್ದೆ. ಒಳಗಿನಿಂದ ಹನುಮವ್ವ ಬಂದಳು.

"ಏನು ಬರೆದಾರೆ, ಓದ್ರಿ ಸಾಮಿ ಒಂದ್ಸಲ."

ಓದಿದೆ. ಅವಳು ಗೋಡೆಗೆ ಕೈಕೊಟ್ಟು ಕೇಳಿದಳು.

"ಹನುಮವ್ವನವರು ಅಂತ ಐತಾ?"

"ಐತೆ."

"ಕಟ್ಟೆ ಹತ್ತಿ ಸೇದಿದ್ರು ಅಂತಾನೂ ಐತಾ?"

"ಐತೆ ಕಣವ್ವಾ. ಆದ್ರೆ ಅದು ತಪ್ಪಿ ಬಂದೈತೆ." ಊರವರ ಮುಂದೆ ನಿಂತರೆ ನನ್ನ ಬಾಯಿಗೂ ಅವರ ಮಾತೇ ಬಂದುಬಿಡುತ್ತಿತ್ತು.

"ಇನ್ನೊಂದ್ಸಲ ಓದ್ರಿ."

ಇನ್ನೊಮ್ಮೆ ಓದಿದೆ. ಅವಳು ಒಳಗೆ ಹೋಗಿ ಕೊಡ, ಹಗ್ಗ ತೆಗೆದುಕೊಂಡು ಬಂದಳು. "ಎಲ್ಲಿಗೆ ಹೊಂಟಿ ಯವ್ವಾ?" ಎಂದು ಮಗ ದಾರಿಗೆ ಅಡ್ಡ ಬಂದ.

"ಸೇದೀನಿ ಅಂತ ನಾಕೂರಿಗೆ ಗೊತ್ತಾಗೈತೆ. ಇನ್ನ ಸೇದ್ದೆ ಇರಾದು ಹೆಂಗೆ?" ಎಂದು ಅವನನ್ನು ಸರಿಸಿಕೊಂಡು ನಡೆದಳು.

ಒಂದು ಏಟು ಬಿದ್ದರೆ, ಒಂದು ಕಲ್ಲು ಬಿದ್ದರೆ ಅದು ನನ್ನ ಬರಹದಿಂದಲೇ. ಮೈಲಾರಪ್ಪನೂ ನಾನೂ ಅವಳ ಹಿಂದೆ ಓಡಿದೆವು. ಬಾವಿಯ ಬಳಿ ಮೇಲಿನ ಬೀದಿಯ ಹೆಂಗಸರು ನೀರಿಗೆ ಬಂದಿದ್ದರು, ರಾಟೆಯಿಲ್ಲದೆ ಬಗ್ಗಿ ಕೈಯಲ್ಲೇ ಹಗ್ಗ ಎಳೆಯುತ್ತಿದ್ದರು. ಹನುಮವ್ವನನ್ನು ಕಂಡು ಕೈ ನಿಲ್ಲಿಸಿದರು. ಅವಳು ಕಟ್ಟೆಯ ಮೊದಲ ಮೆಟ್ಟಿಲಿಗೆ ಒಂದು ಕಾಲಿಟ್ಟು, ಮೇಲೆ ಹತ್ತದೆ ಹಾಗೇ ನಿಂತಳು.

ಅದೇ ಹೊತ್ತಿಗೆ ಚನ್ನಗಿರಿಯ ಕಡೆಯಿಂದ ಬಂದ ಬಸ್ಸು ಇಳಿದು ಬಸವನಗೌಡರು ಬಂದರು. ಕೈಯಲ್ಲಿ ಅದೇ ಪತ್ರಿಕೆ. ಕೋಪಕ್ಕಿಂತ ಹೆಚ್ಚಾಗಿ ದಿಕ್ಕು ತಪ್ಪಿದವರ ಹಾಗೆ ಕಾಣುತ್ತಿದ್ದರು.

"ಏನ್ರೀ, ನಾನು ಯಾವಾಗ ನೀರು ಸೇದಿದೆ?" ಎಂದರು ನನ್ನನ್ನು ಕಂಡು. "ಬೀಗರ ಮನ್ಯಾಗೆ ಕಾಫಿ ಕುಡೀತಾ ಕುಂತೀನಿ, ಪೇಪರ್ ಬಂತು. ಬೀಗರು ಓದಿದ್ರು. ಗೌಡ್ರೆ ರಾತ್ರಿ ಇಲ್ಲೇ ಮಲಗಿದ್ರಿ, ಊರಾಗೆ ನೀರು ಹೆಂಗೆ ಸೇದಿದ್ರಿ ಅಂತ ಕೇಳ್ತಾರೆ. ನಾನು ಏನು ಹೇಳ್ಲಿ?"

"ನೀವೇನು ಹೇಳಿದ್ರಿ?" ಎಂದೆ, ಬೇರೇನೂ ತೋಚದೆ.

"ಸೇದೇ ಬಂದೆ ಅಂದೆ ಕಣ್ರೀ. ಮತ್ತೇನು ಅನ್ಲಿ? ಬೀಗಿತಿ ಕೈ ಮುಗುದ್ರು, ದೊಡ್ಡ ಕೆಲ್ಸ ಮಾಡಿದ್ರಿ ಅಂದ್ರು."

ಅವರು ನನ್ನ ಮೇಲೆ ಕೈಮಾಡುತ್ತಾರೋ, ಅತ್ತುಬಿಡುತ್ತಾರೋ ತಿಳಿಯಲಿಲ್ಲ. ಅಷ್ಟರಲ್ಲಿ ಜೀಪಿನ ಸದ್ದು ಕೇಳಿತು. ಪತ್ರಿಕೆ ಓದಿದ ತಹಸೀಲ್ದಾರರು ಊರನ್ನು ಅಭಿನಂದಿಸಲು ಹಾರ ಹಿಡಿದುಕೊಂಡು ಬಂದೇಬಿಟ್ಟಿದ್ದರು. ಇಳಿದವರೇ ಗೌಡರ ಕೊರಳಿಗೆ ಹಾರ ಹಾಕಿ, "ನನ್ನ ಕಣ್ಣಿಂದ ಒಮ್ಮೆ ನೋಡಬೇಕು ಗೌಡ್ರೆ, ನಿನ್ನೆ ಮಾಡಿದ್ದನ್ನೇ ಇನ್ನೊಮ್ಮೆ ಮಾಡಿ ತೋರಿಸಿ" ಎಂದರು.

ಇನ್ನೊಮ್ಮೆ! ಗೌಡರು ನನ್ನ ಮುಖ ನೋಡಿದರು, ನಾನು ಮೈಲಾರಪ್ಪನ ಮುಖ ನೋಡಿದೆ, ಮೈಲಾರಪ್ಪ ನೆಲ ನೋಡಿದ. ಯಾರೋ ಓಡಿಹೋಗಿ ರಾಟೆ ತಂದು ಕಟ್ಟಿದರು. ಅದು ರಿಪೇರಿಯಾಗಿ ಬಂದಿತ್ತೋ ಹೇಗೋ, ಸಲೀಸಾಗಿ ತಿರುಗಿತು. ಗೌಡರು ನೀರು ಸೇದಿ ಹನುಮವ್ವನ ಬೊಗಸೆಗೆ ಹಾಕಿದರು. ಅವಳು ಕುಡಿದು, ಕಟ್ಟೆ ಹತ್ತಿ, ಹಗ್ಗ ಬಿಟ್ಟು ಸೇದಿದಳು. ಸೇದುವಾಗ ಅರ್ಧ ನೀರು ಚೆಲ್ಲಿತು. ಗೌಡರು ಕಣ್ಣು ಮುಚ್ಚಿಕೊಂಡು ಕುಡಿದರು. ಎಲ್ಲವೂ ನಾನು ಬರೆದಂತೆಯೇ ನಡೆಯಿತು. ನೆರೆದವರ ಕಣ್ಣು ಒದ್ದೆಯಾಯಿತೋ ಇಲ್ಲವೋ ನೋಡಲಿಲ್ಲ, ನಾನು ಚಪ್ಪರದ ಕಂಬ ಹಿಡಿದುಕೊಂಡು ರಾಟೆಯನ್ನೇ ನೋಡುತ್ತಿದ್ದೆ. ಅದನ್ನು ಸುದ್ದಿ ಮಾಡುವ ಹಾಗಿರಲಿಲ್ಲ, ಆಗಲೇ ಅಚ್ಚಾಗಿ ಮಾರಿಯೂ ಹೋಗಿತ್ತು. ತಿದ್ದುಪಡಿ ಹಾಕಲು ಈಗ ತಪ್ಪೂ ಉಳಿದಿರಲಿಲ್ಲ. ಸಂಪಾದಕರ ಮುಂದೆ ಎಲ್ಲವನ್ನೂ ಹೇಳಿದೆ. ಅವರು, "ನೀವು ಸ್ವಲ್ಪ ದಿನ ಮಳೆ ಬೆಳೆ ಬರೀರಿ" ಎಂದರು.

ಅಲ್ಲಿಂದ ಮುಂದೆ ಹನುಮವ್ವನೂ ಕೇರಿಯ ಹೆಂಗಸರೂ ತಾವೇ ಸೇದಿಕೊಳ್ಳತೊಡಗಿದರು. ಯಾರೂ ತಡೆಯಲಿಲ್ಲ. ಮೈಲಾರಪ್ಪ ಹೊನ್ನಾಳಿಯಲ್ಲಿ ಸಿಕ್ಕಾಗಲೆಲ್ಲ ಕೈಕುಲುಕುತ್ತಿದ್ದ. ಮೊದಮೊದಲು ಬಹಳ ಸಂಭ್ರಮದಿಂದ ಕುಲುಕುತ್ತಿದ್ದವನು ಬರುಬರುತ್ತ ಸುಮ್ಮನೆ ಕೈಕೊಟ್ಟು ಹೋಗುತ್ತಿದ್ದ. ಏನಾಯಿತೋ ಎಂದು, ವರ್ಷ ಕಳೆದ ಮೇಲೆ, ನಾನೇ ಆ ಊರಿಗೆ ಹೋದೆ.

ಮೇಲಿನ ಬೀದಿಯಲ್ಲಿ, ಗೌಡರ ಮನೆಯೆದುರು ಬೋರ್ ಕೊರೆಸಿ ಹ್ಯಾಂಡ್‌ಪಂಪು ಹಾಕಿಸಿದ್ದರು. ಅಲ್ಲಿ ಕೊಡಗಳು ಸಾಲು ಹಿಡಿದಿದ್ದವು, ಹೆಂಗಸರ ಮಾತು, ನಗು ಕೇಳುತ್ತಿತ್ತು. ಕೇರಿಯ ಉಳಿದ ಹೆಂಗಸರು ಬೆಳಿಗ್ಗೆಯೇ ನೀರು ಒಯ್ದಿದ್ದರು, ಬಾವಿಯ ಹತ್ತಿರ ಹನುಮವ್ವ ಒಬ್ಬಳೇ ಇದ್ದಳು. ರಾಟೆ ಅವಳಿಗೊಬ್ಬಳಿಗಾಗಿ ಕಿರ್ ಎನ್ನುತ್ತಿತ್ತು.

"ಮ್ಯಾಲಿನ ಬೀದಿಯೋರು ಬರಲ್ವಾ ಹನುಮವ್ವ ಇಲ್ಲಿಗೆ?" ಎಂದೆ.

"ಯಾಕೆ ಬರ್ತಾರೆ ಸಾಮಿ? ಅವರಿಗೆ ಪಂಪು ಆಗೈತೆ. ಬಾವಿ ನಮಗೇ ಬಿಟ್ಟಾರೆ." ಕೊಡವನ್ನು ಕಟ್ಟೆಯ ಮೇಲಿಟ್ಟಳು. "ಮೊದ್ಲು ಕೆಳಗೆ ಕುಂತು ಕಾಯ್ತಿದ್ದೆ. ಯಾರಾದ್ರೂ ಬರ್ತಿದ್ರು, ಮಳಿ ಆತಾ, ಮಗ ಬಂದಿದ್ನಾ ಅಂತ ಎರಡು ಮಾತು ಆಡ್ತಿದ್ರು. ಈಗ ಕಾಯೋದು ತಪ್ಪೈತೆ. ಬರೋರೂ ಇಲ್ಲ."

"ಹಂಗಾರೆ ಮೊದಲೇ ಚೆನ್ನಾಗಿತ್ತಾ?"

ಅವಳಿಗೆ ಸಿಟ್ಟು ಬಂತು. "ಏನು ಮಾತಾಡ್ತೀರಿ? ಯಾರಾನ ಹಂಗಂತಾರಾ?" ಎಂದಳು. ಆಮೇಲೆ ತಾನೇ ತಣ್ಣಗಾಗಿ, "ಚೆಂದ ಐತೋ ಇಲ್ಲೋ ನಂಗೂ ತಿಳಿಯಂಗಿಲ್ಲ" ಎಂದಳು.

ಬಿಸಿಲಿನಲ್ಲಿ ನಡೆದು ಬಂದು ನನಗೆ ಬಾಯಾರಿತ್ತು. ಅವಳು ಕಂಡುಕೊಂಡಳೋ ಏನೋ, ತಂಬಿಗೆಯಲ್ಲಿ ನೀರು ತೆಗೆದುಕೊಂಡು ನನ್ನ ಕಡೆ ಬಗ್ಗಿದಳು. ನಾನು ಕಟ್ಟೆಯ ಕೆಳಗೆ ನಿಂತು ಬೊಗಸೆಯೊಡ್ಡಿದೆ. ಅವಳು ಸುರಿದಳು, ನಾನು ಹೊಟ್ಟೆ ತುಂಬ ಕುಡಿದೆ. ಆ ಬಾವಿಯ ಬಗ್ಗೆ ಅಷ್ಟೆಲ್ಲ ಬರೆದಿದ್ದರೂ ಅದರ ನೀರು ಕುಡಿದದ್ದು ಅದೇ ಮೊದಲು. ಬಾಯಿ ಒರೆಸಿಕೊಂಡು ಏನೋ ಹೇಳಲು ಹೊರಟೆ.

"ಇದನ್ನ ಪೇಪರ್‌ಗೆ ಬರೀಬ್ಯಾಡ್ರಿ ಸಾಮಿ" ಎಂದಳು ಹನುಮವ್ವ. "ನೀವಾದ್ರೂ ಬರ್ತಾ ಇರ್ರಿ."